ಕುಂಡದ ಸೇವಂತಿಗೆ: ಹೊಸ ತಳಿ ಕಟ್ಟುವವರ ಪ್ರಶ್ನೆಗಳು

ಹಾರಕ್ಕೆ ಬೆಳೆಯುವ ಸೇವಂತಿಗೆಯನ್ನು ನಾವು ಕೆಜಿಗೋ ಮಾರಿಗೋ ಲೆಕ್ಕ ಹಾಕಿ ಮಾರುತ್ತೇವೆ. ಅಲ್ಲಿ ಹೂವಷ್ಟೇ ಮುಖ್ಯ. ಕುಂಡದ ವ್ಯಾಪಾರದಲ್ಲಿ ಮಾರುವುದು ಇಡೀ ಗಿಡವನ್ನು. ಕವಲು, ಎಲೆ, ಎತ್ತರ, ಎಷ್ಟು ವಾರಕ್ಕೆ ಮೊಗ್ಗು, ಮನೆಗೆ ಹೋದ ಮೇಲೆ ಎಷ್ಟು ದಿನ ನಗುತ್ತಿರುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೂವಿನ ಬಣ್ಣದ ಬಗ್ಗೆಯೇ ಕೇಳಿವೆ. ಉತ್ತರಗಳಲ್ಲಿ ನಾವು ಮತ್ತೆ ಮತ್ತೆ ಗಿಡದ ಮಾತಿಗೆ ಮರಳಿದ್ದರೆ ಅದಕ್ಕೆ ಕಾರಣ ಇದೇ.

ಪ್ರಶ್ನೆ: ಒಂದೇ ತಳಿಯ ಇನ್ನೂರು ಕುಂಡಗಳಿವೆ, ಜೇನುನೊಣವೂ ಬರುತ್ತದೆ. ಆದರೂ ಒಣಗಿದ ಹೂವು ಉಜ್ಜಿದರೆ ಬರೀ ಜೊಳ್ಳು. ಬ್ರಷ್‌ನಿಂದ ಪರಾಗ ಮುಟ್ಟಿಸಿ ನೋಡಿದೆ, ಆಗಲೂ ಬೀಜ ಕಟ್ಟಲಿಲ್ಲ. ತಪ್ಪು ಎಲ್ಲಿ?
— ನರ್ಸರಿ ಮಾಲೀಕರು, ಹೊಸಕೋಟೆ

ಇನ್ನೂರು ಕುಂಡ ಇದ್ದರೂ ಅವೆಲ್ಲ ಕಟಿಂಗ್‌ನಿಂದ ಬಂದವು, ಹಾಗಾಗಿ ಒಂದೇ ಗಿಡ ಇದ್ದಂತೆ. ಸೇವಂತಿಗೆ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ತನ್ನದೇ ಪರಾಗ ಬಿದ್ದರೆ ಹೂವಿನ ಹೆಣ್ಣು ಭಾಗವಾದ ಶಲಾಕೆಯ ತುದಿಯ ಮೇಲೆಯೇ ಅದರ ಬೆಳವಣಿಗೆ ನಿಲ್ಲುತ್ತದೆ. ಆದ್ದರಿಂದ ತಾಯಿ ಒಂದು ತಳಿ, ತಂದೆ ಇನ್ನೊಂದು ತಳಿ ಇರಲೇಬೇಕು. ತಾಯಿಯ ಕೊಂಬೆಯಲ್ಲಿ ಬಣ್ಣ ಬದಲಾಗಿ ಬಂದ ತಳಿಯೂ ಅದೇ ತಾಯಿಯ ಜೊತೆ ಬೀಜ ಕಟ್ಟುವುದಿಲ್ಲ.

ಎರಡನೆಯ ಕಾರಣ ಹೂವಿನ ರಚನೆ. ನಾವು ಒಂದು ಹೂವು ಎನ್ನುವುದು ನೂರಾರು ಪುಟ್ಟ ಹೂಗಳ ಗೊಂಚಲು. ಹೊರಸುತ್ತಿನ ಎಸಳು ಹೂಗಳಲ್ಲಿ ಹೆಣ್ಣು ಭಾಗ ಮಾತ್ರ ಇರುತ್ತದೆ. ನಡುವಿನ ಹಳದಿ ಬಿಲ್ಲೆ ಹೂಗಳಲ್ಲಿ ಗಂಡು, ಹೆಣ್ಣು ಎರಡೂ ಇರುತ್ತವೆ. ತುಂಬು ಎಸಳಿನ ತಳಿಯಲ್ಲಿ ಬಿಲ್ಲೆಯೇ ಇರುವುದಿಲ್ಲ, ಇದ್ದರೂ ಎಸಳುಗಳ ಅಡಿಯಲ್ಲಿ ಹೂತಿರುತ್ತದೆ. ಅಂಥದ್ದು ತಾಯಿಯಾಗಲು ಸರಿ, ತಂದೆಯಾಗಲು ಕಷ್ಟ. ನೀವು ಬ್ರಷ್ ಆಡಿಸಿದಾಗ ಅದರ ಕೂದಲಿಗೆ ಹಳದಿ ಪುಡಿ ಹತ್ತಿತ್ತೇ ಎಂದು ನೆನಪು ಮಾಡಿಕೊಳ್ಳಿ. ಹತ್ತದೇ ಇದ್ದರೆ ಪರಾಗ ಹೋಗೇ ಇಲ್ಲ.

ಮಾಡುವ ಕ್ರಮ ಹೀಗಿದೆ. ತಾಯಿ ಹೂವಿನ ಹೊರಗಿನ ಎರಡು ಮೂರು ಸುತ್ತು ಎಸಳು ಬಿಚ್ಚಿಕೊಂಡಾಗ ಚಿಕ್ಕ ಚೂಪು ಕತ್ತರಿಯಿಂದ ಎಸಳನ್ನು ಅರ್ಧ ಸೆಂ.ಮೀ. ಉಳಿಯುವಂತೆ ಕತ್ತರಿಸಿ. ಹೂವು ಗಡ್ಡ ಬೋಳಿಸಿದಂತೆ ಕಾಣುತ್ತದೆ. ತುದಿ ತೀರಾ ಕೆಳಗೆ ಕತ್ತರಿಸಿದರೆ ಶಲಾಕೆಯೂ ಹೋಗುತ್ತದೆ, ಆಗ ಕೆಲಸ ಕೆಟ್ಟಿತು. ಬಿಲ್ಲೆ ಕಾಣುವ ತಾಯಿಯಾದರೆ ಅದು ಬಿಚ್ಚುವ ಮೊದಲೇ ಚಿಮ್ಮಟದಿಂದ ಕಿತ್ತುಬಿಡಿ. ಬಟರ್ ಪೇಪರಿನ ಚೀಲ ಹಾಕಿ ಕಟ್ಟಿ. ಎರಡು ಮೂರು ದಿನಕ್ಕೆ ಕತ್ತರಿಸಿದ ನಳಿಕೆಯೊಳಗಿಂದ ಶಲಾಕೆ ಮೇಲೆದ್ದು, ತುದಿ ಇಂಗ್ಲಿಷಿನ ವೈ ಅಕ್ಷರದಂತೆ ಎರಡಾಗಿ ಸೀಳಿಕೊಂಡು ಹೊಳೆಯುತ್ತದೆ. ಭೂತಗನ್ನಡಿ ಇಲ್ಲದೆಯೂ ಇದು ಕಾಣುತ್ತದೆ. ಪರಾಗ ಮುಟ್ಟಿಸಬೇಕಾದದ್ದು ಆಗ.

ತಂದೆಗೆ ಒಂಟಿ ಸುತ್ತಿನ ಇಲ್ಲವೇ ಅರೆತುಂಬಿನ ತಳಿ ಆರಿಸಿ. ತುಂಬು ತಳಿಯ ಪರಾಗವೇ ಬೇಕೆಂದರೆ ಗೊಬ್ಬರ ನಿಲ್ಲಿಸಿದ ಹಳೆಯ ಗಿಡದಲ್ಲಿ ತಡವಾಗಿ ಬಂದ ಮೊಗ್ಗುಗಳನ್ನು ನೋಡಿ, ಅವುಗಳಲ್ಲಿ ನಡು ಬಿಲ್ಲೆ ಕಣ್ಣು ಬಿಡುವುದುಂಟು. ಬಿಸಿಲಿರುವ ದಿನ ಬೆಳಿಗ್ಗೆ 10ರಿಂದ 12ರೊಳಗೆ ಪರಾಗ ಒಣಗಿ ಪುಡಿಯಾಗಿರುತ್ತದೆ. ಮೆತ್ತನೆ ಬ್ರಷ್‌ನಿಂದ ತೆಗೆದು ತಾಯಿಗೆ ಮುಟ್ಟಿಸಿ. ಹೂಗಳು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹಣ್ಣಾಗುವುದರಿಂದ ದಿನ ಬಿಟ್ಟು ದಿನ ಮೂರು ಸಲ ಮಾಡಬೇಕು. ಒಂದೇ ಸಲ ಮಾಡಿ ಬಿಟ್ಟವರಿಗೆ ನಾಲ್ಕೈದು ಬೀಜ ಸಿಗುತ್ತದೆ ಅಷ್ಟೆ.

ಮೂರನೆಯದು ನೀರು. ಬೆಂಗಳೂರು ಸುತ್ತಮುತ್ತ ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ ಹೂವಿಗೇ ಬೀಳುತ್ತದೆ. ಕತ್ತರಿಸಿದ ಹೂವಿನ ಬಟ್ಟಲಲ್ಲಿ ನೀರು ನಿಂತರೆ ಬೂದು ಬೂಸ್ಟು ಹಿಡಿದು ಕೊಳೆಯುತ್ತದೆ. ತಾಯಿ ಕುಂಡಗಳು ಮಾಡಿನ ಕೆಳಗಿರಲಿ, ನೀರು ಬುಡಕ್ಕೆ ಮಾತ್ರ. ಆರರಿಂದ ಎಂಟು ವಾರಕ್ಕೆ ತೊಟ್ಟು ಸಹಿತ ಒಣಗಿ ಕಂದಾಗುತ್ತದೆ. ಉಜ್ಜಿ, ಮೆಲ್ಲಗೆ ಊದಿದರೆ ಜೊಳ್ಳು ಹಾರಿ ರಾಗಿಗಿಂತ ಸಣಕಲಾದ, ಉದ್ದನೆಯ ಕಂದು ಬೀಜ ಉಳಿಯುತ್ತದೆ. ಉಗುರಲ್ಲಿ ಒತ್ತಿದರೆ ಗಟ್ಟಿ ಇರಬೇಕು. ಒಂದು ಹೂವಿಗೆ ಹತ್ತಿಪ್ಪತ್ತು ಗಟ್ಟಿ ಬೀಜ ಸಿಕ್ಕರೆ ಚೆನ್ನಾಗಿಯೇ ಆಗಿದೆ ಎನ್ನಿ. ಕಾಗದದ ಚೀಟಿಯ ಮೇಲೆ ತಾಯಿ × ತಂದೆ ಮತ್ತು ತಾರೀಕು ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಅಳಿಸುತ್ತದೆ. ಈ ಬೀಜದ ಮೊಳಕೆ ಶಕ್ತಿ ಬೇಗ ಕುಗ್ಗುತ್ತದೆ, ಬಂದ ಋತುವಿನಲ್ಲೇ ಬಿತ್ತಿಬಿಡಿ.

ಪ್ರಶ್ನೆ: ದೊಡ್ಡ ಹೂವಿನ ಬಿಳಿ ತಳಿಗೆ ಗಿಡ್ಡ ಹಳದಿ ತಳಿಯ ಪರಾಗ ಹಾಕಿದೆ. ಗಿಡ್ಡ ಗಿಡದಲ್ಲಿ ದೊಡ್ಡ ಹಳದಿ ಹೂವು ಬರಬಹುದೆಂಬ ಆಸೆ. ನಲವತ್ತು ಸಸಿಗಳಲ್ಲಿ ಹೆಚ್ಚಿನವು ಬಿಳಿ, ಎಲ್ಲವೂ ಎತ್ತರ. ಏಕೆ?
— ಓದುಗರು, ಚಿಕ್ಕಬಳ್ಳಾಪುರ

ಸೇವಂತಿಗೆಗೆ ಸಾಮಾನ್ಯವಾಗಿ 54 ವರ್ಣತಂತುಗಳು, ಅಂದರೆ ಒಂಬತ್ತರ ಗುಂಪಿನ ಆರು ಪ್ರತಿ. ಎರಡು ಪ್ರತಿಯ ಬೆಳೆಯಲ್ಲಿ ಮರೆಯಾದ ಗುಣ ನಾಲ್ಕರಲ್ಲೊಂದು ಸಸಿಯಲ್ಲಿ ಹೊರಬಿದ್ದರೆ, ಆರು ಪ್ರತಿಯ ಈ ಗಿಡದಲ್ಲಿ ಅದು ತೀರಾ ಅಪರೂಪ. ನಲವತ್ತು ಸಸಿ ಯಾವುದಕ್ಕೂ ಸಾಲದು.

ಬಿಳಿಯ ಗುಟ್ಟು ಇನ್ನೂ ಸ್ವಾರಸ್ಯದ್ದು. ಬಿಳಿ ಎಸಳಿನಲ್ಲಿ ಹಳದಿ ಬಣ್ಣ ತಯಾರಾಗುವುದೇ ಇಲ್ಲ ಎಂದಲ್ಲ. ತಯಾರಾದ ಹಳದಿಯನ್ನು ಕತ್ತರಿಸಿ ಹಾಕುವ ಒಂದು ಜೀನು ಎಸಳಿನಲ್ಲಿ ಕೆಲಸ ಮಾಡುತ್ತಿರುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 2006ರಲ್ಲಿ ತೋರಿಸಿದರು. ಆ ಜೀನು ಇದ್ದರೆ ಬಿಳಿ ಗೆಲ್ಲುತ್ತದೆ, ಕಳೆದುಹೋದರೆ ಹಳದಿ ಹೊರಬರುತ್ತದೆ. ಬಿಳಿ ತಳಿಯ ಕೊಂಬೆಯಲ್ಲಿ ಕೆಲವೊಮ್ಮೆ ಹಳದಿ ಹೂವು ಏಕಾಏಕಿ ಬರುವುದಕ್ಕೂ ಇದೇ ಕಾರಣ. ಹಳದಿ ಬೇಕೆಂದರೆ ಎರಡೂ ಕಡೆ ಹಳದಿ ಇಡಿ. ಕಂಚು ಬಣ್ಣ ಎಂದರೆ ಹಳದಿಯ ಮೇಲೆ ಗುಲಾಬಿ ಹೊದಿಕೆ, ಅದಕ್ಕೆ ಹಳದಿ ತಾಯಿಯ ಜೊತೆ ಕೆಂಪು ಅಥವಾ ಕಂಚಿನ ತಂದೆ ಸರಿ.

ಎತ್ತರದ ವಿಷಯದಲ್ಲಿ ನಮ್ಮದು ಕಟ್ಟುನಿಟ್ಟಿನ ಸಲಹೆ: ಕುಂಡದ ತಳಿಗೆ ತಂದೆ ತಾಯಿ ಇಬ್ಬರೂ ಗಿಡ್ಡವಾಗಿರಲಿ, ತಾವಾಗಿಯೇ ಕವಲೊಡೆಯುವಂಥವಾಗಿರಲಿ. ದೊಡ್ಡ ಹೂವಿನ ಆಸೆಯನ್ನು ಸ್ವಲ್ಪ ಬದಿಗಿಡಿ. ಲಕ್ನೋದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಕುಡಿ ಚಿವುಟದೆ, ಆಸರೆ ಕಡ್ಡಿ ನೆಡದೆ ತಾನೇ ಗುಂಡಗೆ ಬೆಳೆಯುವ ಪುಟ್ಟ ಹೂವಿನ ತಳಿಗಳನ್ನು ಕೊಟ್ಟಿದ್ದಾರೆ. ತಾಯಿ ಗಿಡ ಹುಡುಕುವವರು ಅಂಥವನ್ನು ಮೊದಲು ನೋಡಬೇಕು. ಸೆಂಟ್ ಯೆಲ್ಲೋದಂಥ ಹಾರದ ತಳಿಗಳನ್ನು ಕುಂಡಕ್ಕೆ ತರುವ ಪ್ರಯತ್ನ ಮಾಡಿದರೆ ಎತ್ತರ ಕಳೆಯಲು ಮೂರು ನಾಲ್ಕು ಪೀಳಿಗೆ ಹಿಡಿಯುತ್ತದೆ.

ಪ್ರಶ್ನೆ: ಆರುನೂರು ಸಸಿ ಮಾಡಿದ್ದೇನೆ. ಕೆಲವು ಏಪ್ರಿಲಿನಲ್ಲೇ ಗೇಣುದ್ದ ಇರುವಾಗ ಮೊಗ್ಗು ಕಟ್ಟಿದವು, ಕೆಲವು ಡಿಸೆಂಬರ್ ಬಂದರೂ ಇಲ್ಲ. ಹೊಲದವರಂತೆ ರಾತ್ರಿ ಬಲ್ಬ್ ಹಾಕಬೇಕೇ? ಆಯ್ಕೆ ಹೇಗೆ ಮಾಡಲಿ?
— ಕೃಷಿಕರು, ದೊಡ್ಡಬಳ್ಳಾಪುರ

ಬಲ್ಬ್ ಬೇಕು. ಕಾರಣ ತಿಳಿದುಕೊಂಡರೆ ಉಳಿದದ್ದು ಸುಲಭ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಹಗಲು 13–14 ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ತಳಿಗಳು ಬೆಳವಣಿಗೆ ಬಿಟ್ಟು ಮೊಗ್ಗಿನ ಕಡೆ ತಿರುಗುತ್ತವೆ. ಬೆಂಗಳೂರಿನ ಅಕ್ಷಾಂಶದಲ್ಲಿ ಜೂನ್ 21ರ ಅತಿ ಉದ್ದದ ಹಗಲೂ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನದು ಸುಮಾರು 11 ಗಂಟೆ 20 ನಿಮಿಷ. ಯುರೋಪಿನ ಬೇಸಿಗೆ ಹಗಲು ಗಿಡವನ್ನು ತಾನಾಗಿಯೇ ಬೆಳೆಸುತ್ತದೆ, ನಮ್ಮ ಹಗಲಿಗೆ ಆ ಶಕ್ತಿ ಇಲ್ಲ. ಬೇಗ ಹೂ ಬಿಡುವ ಸಸಿಗಳು ಏಪ್ರಿಲಿನಲ್ಲೇ ಮೊಗ್ಗು ಕಟ್ಟುವುದು ಹೀಗೆ.

ಫೆಬ್ರವರಿ ಮಾರ್ಚ್‌ನಲ್ಲಿ 98 ಗುಳಿಯ ಪ್ರೋಟ್ರೇಗೆ ತೊಳೆದ ಕೋಕೋಪೀಟ್ ಮತ್ತು ಜರಡಿ ಹಿಡಿದ ಎರೆಗೊಬ್ಬರ ತುಂಬಿ, ಬೀಜದ ಮೇಲೆ 2–3 ಮಿ.ಮೀ. ಮಾತ್ರ ಮುಚ್ಚಿ. ತಂಪು ನೆರಳಲ್ಲಿ ಐದರಿಂದ ಹತ್ತು ದಿನಕ್ಕೆ ಮೊಳಕೆ. ನಾಲ್ಕೈದು ವಾರಕ್ಕೆ 4 ಇಂಚಿನ ಕುಂಡಕ್ಕೆ ಒಂದೊಂದೇ ಸಸಿ. ಅಂದಿನಿಂದ ಜುಲೈ ಕೊನೆಯವರೆಗೆ ರಾತ್ರಿ 10ರಿಂದ 2ರವರೆಗೆ ಬೆಳಕು ಕೊಡಿ, ಕುಡಿಯ ಮಟ್ಟದಲ್ಲಿ 100 ಲಕ್ಸ್ ಸಾಕು. ಸಂಜೆ ಬೆಳಕು ಮುಂದುವರಿಸುವುದಕ್ಕಿಂತ ನಡುರಾತ್ರಿ ಕತ್ತಲನ್ನು ಕಡಿಯುವುದು ಹೆಚ್ಚು ಪರಿಣಾಮಕಾರಿ. ಆಗಸ್ಟ್ 1ಕ್ಕೆ ಎಲ್ಲ ಸಸಿಗಳಿಗೂ ಒಂದೇ ರಾತ್ರಿ ಬೆಳಕು ನಿಲ್ಲಿಸಿ. ಆ ದಿನದಿಂದ ಹೂ ಅರಳುವವರೆಗೆ ಎಷ್ಟು ವಾರ ಎಂಬುದನ್ನು ಪ್ರತಿ ಸಸಿಗೂ ಬರೆದಿಡಿ. ಕುಂಡಕ್ಕೆ 7ರಿಂದ 8 ವಾರದವು ಉತ್ತಮ. 10 ವಾರ ದಾಟಿದವು ಎಷ್ಟೇ ಚೆಂದವಿದ್ದರೂ ಬೆಂಚಿನ ಜಾಗ, ನೀರು, ಕೂಲಿ ತಿನ್ನುತ್ತವೆ.

ಡಿಸೆಂಬರಿನಲ್ಲೂ ಮೊಗ್ಗಿಲ್ಲದ ಸಸಿಗಳನ್ನು ಎಸೆಯುವ ಮೊದಲು ಅವು ಎಲ್ಲಿವೆ ನೋಡಿ. ಬೀದಿ ದೀಪದ ಎದುರಿನ ಅಂಚಿನಲ್ಲಿ, ಪಕ್ಕದ ಹೊಲದ ಬಲ್ಬ್ ಸಾಲಿನ ಕಡೆ ಇದ್ದರೆ ತಪ್ಪು ಸಸಿಯದಲ್ಲ. ರಾತ್ರಿ ಅಲ್ಲಿ ನಿಂತು ಪತ್ರಿಕೆಯ ತಲೆಬರಹ ಓದಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಆಗುವುದಾದರೆ ಆ ಬೆಳಕು ಗಿಡಕ್ಕೂ ಸಾಕು. ಬೇಸಿಗೆಯಲ್ಲಿ ಕಪ್ಪು ಬಟ್ಟೆ ಮುಚ್ಚಿ ಹೂ ತರಿಸುವವರು ಮಾಡುವ ತಪ್ಪು ಬೇರೆ: ಸಂಜೆ 5ಕ್ಕೇ ಮುಚ್ಚಿದರೆ ಒಳಗೆ ಶೆಕೆ ಏರುತ್ತದೆ. ರಾತ್ರಿ ಬಿಸಿ 25 ಡಿಗ್ರಿ ದಾಟಿದರೆ ಮೊಗ್ಗು ಅಲ್ಲೇ ನಿಂತು ಹೂವು ವಾರಗಟ್ಟಲೆ ತಡವಾಗುತ್ತದೆ. ಕತ್ತಲಾದ ಮೇಲೆ ಬದಿಗಳನ್ನು ಎತ್ತಿಬಿಡಿ, ಬೆಳಗಾಗುವ ಮೊದಲು ಇಳಿಸಿ 8 ಗಂಟೆಗೆ ತೆಗೆಯಿರಿ.

ಇನ್ನು ಆಯ್ಕೆ. ಮೊದಲ ವರ್ಷ ಕುಡಿ ಚಿವುಟಬೇಡಿ, ಗಿಡ್ಡ ಮಾಡುವ ಔಷಧಿಯನ್ನಂತೂ ಮುಟ್ಟಲೇಬೇಡಿ. ಡಾಮಿನೊಜೈಡ್ ಹೊಡೆದರೆ ಎಲ್ಲ ಸಸಿಯೂ ಗಿಡ್ಡ ಕಾಣುತ್ತದೆ, ಯಾವುದು ಹುಟ್ಟಾ ಗಿಡ್ಡ ಎಂಬುದು ಮುಚ್ಚಿಹೋಗುತ್ತದೆ. ಹೂವು ಬರುವ ಮೊದಲೇ ಒಮ್ಮೆ ಸಾಲು ನಡೆದು ಬುಡದಿಂದ ಕವಲೊಡೆಯದವನ್ನು ಗುರುತಿಸಿ. ಆಮೇಲೆ ಹೂವು ನೋಡಿ. ಈ ಅನುಕ್ರಮ ತಿರುಗಿಸಿದರೆ ಬಣ್ಣಕ್ಕೆ ಮನಸೋತು ಕೆಟ್ಟ ಗಿಡವನ್ನು ಉಳಿಸಿಕೊಳ್ಳುತ್ತೇವೆ. ಆರುನೂರರಲ್ಲಿ ಹದಿನೈದಿಪ್ಪತ್ತು ಉಳಿದರೆ ಸಾಕು, ಉಳಿದವನ್ನು ಕಿತ್ತುಹಾಕಲು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಎರಡನೆಯ ವರ್ಷ ಪ್ರತಿಯೊಂದರಿಂದ 5–6 ಸೆಂ.ಮೀ. ಕುಡಿಯ ಕಟಿಂಗ್ ಇಪ್ಪತ್ತರಂತೆ ತೆಗೆದು ಬೇರು ಬರಿಸಿ. ಇಪ್ಪತ್ತರಲ್ಲಿ ಹದಿನೆಂಟಕ್ಕಾದರೂ ಎರಡು ವಾರದಲ್ಲಿ ಬೇರು ಬರದ ತಳಿಯನ್ನು ಯಾವ ನರ್ಸರಿಯೂ ಕೊಳ್ಳುವುದಿಲ್ಲ. 6 ಇಂಚಿನ ಕುಂಡಕ್ಕೆ ನಾಲ್ಕು ಕಟಿಂಗ್ ನೆಟ್ಟು, ಹನ್ನೆರಡು ದಿನಕ್ಕೆ ಕುಡಿ ಚಿವುಟಿ, ವ್ಯಾಪಾರಕ್ಕೆ ಬೆಳೆಸುವಂತೆಯೇ ಬೆಳೆಸಿ. ಗಿಡ ಮಣ್ಣಿನ ಮಟ್ಟದಿಂದ 25–30 ಸೆಂ.ಮೀ. ಇರಬೇಕು, ಐದೂ ಕುಂಡಗಳು ಎರಡು ಮೂರು ದಿನದೊಳಗೆ ಒಟ್ಟಿಗೆ ಅರಳಬೇಕು. ಒಟ್ಟಿಗೆ ಅರಳದಿದ್ದರೆ ಲಾರಿ ತುಂಬಲು ಆಗುವುದಿಲ್ಲ.

ಪ್ರಶ್ನೆ: ಸಸಿಗಳ ನಡುವೆ ಒಂದು ತೀರಾ ಗಿಡ್ಡವಾಗಿದೆ, ಎಲೆಯೂ ಚಿಕ್ಕದು, ಎಲ್ಲಕ್ಕಿಂತ ಮೊದಲು ಹೂ ಬಿಟ್ಟಿತು. ಅದೃಷ್ಟ ಎಂದುಕೊಳ್ಳಲೇ?
— ಓದುಗರು, ಮಾಲೂರು

ಸ್ವಲ್ಪ ತಡೆಯಿರಿ. ಸೇವಂತಿಗೆಯನ್ನು ಕುಬ್ಜ ಮಾಡುವ ವೈರಾಯ್ಡ್ (ವೈರಸ್‌ಗಿಂತಲೂ ಸಣ್ಣ ರೋಗಕಣ) ರೋಗವೊಂದಿದೆ. ಅದರ ಲಕ್ಷಣ ನೀವು ಬರೆದದ್ದೇ: ಗಿಡ ಅರ್ಧಕ್ಕೆ ನಿಲ್ಲುತ್ತದೆ, ಎಲೆ ಕಿರಿದಾಗುತ್ತದೆ, ಹೂವು ಬೇಗ ಬರುತ್ತದೆ, ಬಣ್ಣ ಪೇಲವ. ಹುಟ್ಟಾ ಗಿಡ್ಡ ಗಿಡದಲ್ಲಿ ಎಲೆ ದಪ್ಪ, ಕಡು ಹಸಿರು, ಕಟಿಂಗ್ ಚುರುಕಾಗಿ ಬೇರೂರುತ್ತದೆ. ರೋಗದ ಗಿಡದ ಕಟಿಂಗ್‌ಗೆ ಆ ಚುರುಕು ಇರುವುದಿಲ್ಲ. ಕಣ್ಣಿನಿಂದ ಖಚಿತ ಮಾಡಲಾಗದು, ಪಿಸಿಆರ್ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಎಲೆ ಕಳಿಸಿ. ವರದಿ ಬರುವವರೆಗೆ ಆ ಕುಂಡವನ್ನು ದೂರವಿಡಿ. ಈ ರೋಗ ಕತ್ತರಿಯಿಂದ, ಚಿವುಟುವ ಬೆರಳಿನಿಂದ ಹರಡುತ್ತದೆ. ಒಂದು ತಳಿಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಬ್ಲೀಚ್ 1 ಪಾಲು, ನೀರು 9 ಪಾಲಿನ ದ್ರಾವಣದಲ್ಲಿ ಅದ್ದಿ, ತೊಳೆದು ಒರೆಸಿ. ಕೆಲವು ತಳಿಗಳು ಲಕ್ಷಣ ತೋರಿಸದೆ ರೋಗ ಹೊತ್ತಿರುತ್ತವೆ, ಹೊರಗಿನಿಂದ ತಂದ ತಾಯಿ ಗಿಡಗಳ ಬಗ್ಗೆ ಎಚ್ಚರ ಹೆಚ್ಚು ಬೇಕು.

ಪ್ರಶ್ನೆ: ಗುಲಾಬಿ ಬಣ್ಣದ ಕುಂಡದಲ್ಲಿ ಒಂದು ಕೊಂಬೆಗೆ ಮಾತ್ರ ಕಂಚಿನ ಹೂವು. ಇದನ್ನು ಉಳಿಸುವುದು ಹೇಗೆ? ಗಾಮಾ ಕಿರಣದಿಂದಲೂ ಹೀಗೆ ಮಾಡಬಹುದಂತೆ?
— ತೋಟಗಾರಿಕೆ ವಿದ್ಯಾರ್ಥಿನಿ, ಶಿವಮೊಗ್ಗ

ಆ ಕೊಂಬೆಯ ಹೂವನ್ನು ಇಂದೇ ಚಿವುಟಿ ಹಾಕಿ. ಹೂವಿಗೆ ಹೋಗುವ ಶಕ್ತಿ ಕಂಕುಳ ಮೊಗ್ಗುಗಳಿಗೆ ಹೋಗಲಿ. ಅದೇ ಕೊಂಬೆಯ ಎಲೆ ಕಂಕುಳಿಂದ ಬಂದ ಕುಡಿಗಳನ್ನಷ್ಟೇ ಕಟಿಂಗ್ ಮಾಡಿ. ಬುಡದ ಮರಿಗಳು ಬೇಡ, ಅವು ಹಳೆಯ ಗುಲಾಬಿಗೇ ಮರಳುತ್ತವೆ.

ಸೇವಂತಿಗೆಯ ಕುಡಿ ಪದರ ಪದರವಾಗಿ ಬೆಳೆಯುತ್ತದೆ. ಬದಲಾವಣೆ ಸಾಮಾನ್ಯವಾಗಿ ಒಂದು ಪದರದಲ್ಲಿ, ಅದರಲ್ಲೂ ಆ ಪದರದ ಒಂದು ಹೋಳಿನಲ್ಲಿ ಆಗಿರುತ್ತದೆ. ಅರ್ಧ ಕಂಚು ಅರ್ಧ ಗುಲಾಬಿ ಎಸಳಿನ ಹೂವು ಕಂಡಿದ್ದರೆ ಆ ಹೋಳು ಇನ್ನೂ ಸುತ್ತು ತುಂಬಿಲ್ಲ ಎಂದರ್ಥ. ಕಂಚಿನ ಬದಿಗೆ ನೇರ ಕೆಳಗಿರುವ ಎಲೆಯ ಕಂಕುಳನ್ನು ಆರಿಸಿ. ಮೂರು ಸುತ್ತು ಕಟಿಂಗ್ ಮಾಡಿ, ಪ್ರತಿ ಸುತ್ತಿನಲ್ಲೂ ಗುಲಾಬಿಗೆ ಮರಳಿದವನ್ನು ತೆಗೆಯುತ್ತ ಬಂದರೆ ಮೂರನೆಯ ಸುತ್ತಿನ ಮೂವತ್ತೂ ಗಿಡ ಒಂದೇ ಬಣ್ಣ ಕೊಡಬೇಕು. ಇಂಥ ತಳಿಯನ್ನು ಮುಂದೆ ತಂದೆ ತಾಯಿಯಾಗಿ ಬಳಸುವಾಗ ನೆನಪಿಡಿ: ಪರಾಗ, ಅಂಡ ಎರಡೂ ಎರಡನೆಯ ಪದರದಿಂದ ಹುಟ್ಟುತ್ತವೆ. ಬದಲಾವಣೆ ಹೊರ ಪದರದಲ್ಲಿ ಮಾತ್ರ ಇದ್ದರೆ ಮಕ್ಕಳಲ್ಲಿ ಅದು ಕಾಣುವುದಿಲ್ಲ, ಹಳೆಯ ಗುಲಾಬಿಯ ಮಕ್ಕಳೇ ಹುಟ್ಟುತ್ತಾರೆ.

ಗಾಮಾ ಕಿರಣ ಮನೆಯ ಕೆಲಸವಲ್ಲ, ಸೌಲಭ್ಯವಿರುವ ಸಂಸ್ಥೆಯ ಮೂಲಕವೇ ಆಗಬೇಕು. ಬೇರು ಬಂದ ಕಟಿಂಗ್‌ಗೆ 15ರಿಂದ 25 ಗ್ರೇ (ಕಿರಣದ ಅಳತೆ) ಪ್ರಮಾಣ ರೂಢಿಯಲ್ಲಿದೆ. ಅದಕ್ಕಿಂತ ಹೆಚ್ಚಾದರೆ ಗಿಡ ಉಳಿಯುವುದು ಕಷ್ಟ. ಬಣ್ಣ ಬದಲಿಸಲು ಇದು ಒಳ್ಳೆಯ ದಾರಿ. ಗಿಡದ ಆಕಾರ ಚೆನ್ನಾಗಿಯೇ ಇದ್ದು ಬಣ್ಣವೊಂದೇ ಕೊರತೆಯಾಗಿರುವ ತಳಿಗೆ ಮಾತ್ರ ಇದನ್ನು ಮಾಡಿಸುವುದು ಲಾಭ.

ಪ್ರಶ್ನೆ: ನೀಲಿ ಸೇವಂತಿಗೆ ಸಾಧ್ಯವೇ?
— ಓದುಗರು, ಮಂಗಳೂರು

ಅಡ್ಡತಳಿಯಿಂದ ಇಲ್ಲ. ನೀಲಿ ಬಣ್ಣದ ಮೂಲ ವಸ್ತು ತಯಾರಿಸುವ ಜೀನು ಸೇವಂತಿಗೆಯಲ್ಲಿ ಇಲ್ಲವೇ ಇಲ್ಲ. 2017ರಲ್ಲಿ ಜಪಾನಿನವರು ಎರಡು ಜೀನು ಸೇರಿಸಿ ನಿಜವಾದ ನೀಲಿ ತಂದರು. ಅವುಗಳಲ್ಲಿ ಒಂದನ್ನು ತೆಗೆದುಕೊಂಡದ್ದು ನಮ್ಮ ಬೇಲಿಯ ಶಂಖಪುಷ್ಪದಿಂದ. ಹೂ ಅಂಗಡಿಯಲ್ಲಿ ಕಾಣುವ ನೀಲಿ ಸೇವಂತಿಗೆ ಬಣ್ಣದ ನೀರು ಕುಡಿಸಿದ್ದು ಅಥವಾ ಬಣ್ಣ ಸಿಂಪಡಿಸಿದ್ದು.

ಪ್ರಶ್ನೆ: ತಳಿ ಕೈಗೆ ಬಂದಿದೆ ಎನಿಸುತ್ತದೆ. ಮಾರುವ ಮೊದಲು ಏನೇನು ಪರೀಕ್ಷೆ? ಹೆಸರು ನೋಂದಾಯಿಸಬಹುದೇ?
— ನರ್ಸರಿ ಮಾಲೀಕರು, ತುಮಕೂರು

ಮೂರು ಪರೀಕ್ಷೆ ಮಾಡಿ. ಅರ್ಧ ಮೊಗ್ಗು ಬಿಚ್ಚಿದ ಹತ್ತು ಕುಂಡಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮೂರು ದಿನ ಕತ್ತಲಲ್ಲಿಡಿ, ಲಾರಿ ಪ್ರಯಾಣ ಹಾಗೇ ಇರುತ್ತದೆ. ತೆಗೆದು ಮನೆಯ ಕಿಟಕಿ ಪಕ್ಕ ಇಡಿ. ಕೆಳ ಎಲೆ ಹಳದಿಯಾಗುವುದು, ಎಸಳ ತುದಿ ಕಂದಾಗುವುದು, ಉಳಿದ ಮೊಗ್ಗು ಬಿಚ್ಚುವುದು, ಪ್ರತಿಯೊಂದರ ದಿನ ಬರೆಯಿರಿ. ಮೂರು ವಾರ ತಾಳದಿದ್ದರೆ ಮಾರಬೇಡಿ. ಬಿಲ್ಲೆ ಬಿಚ್ಚಿ ಪರಾಗ ಉದುರಿಸುವ ಒಂಟಿ ಸುತ್ತಿನ ತಳಿಗಿಂತ ಬಿಲ್ಲೆ ಹಸಿರಾಗಿಯೇ ಉಳಿಯುವ ತಳಿ ಹೆಚ್ಚು ದಿನ ಬಾಳುತ್ತದೆ.

ಎರಡನೆಯದು, ಸ್ನೇಹಿತರ ಮೂಲಕ ರಾಯಚೂರು, ಹುಬ್ಬಳ್ಳಿಯಂಥ ಬೇರೆ ಹವೆಯ ಎರಡು ಕಡೆ ಕುಂಡ ಇಟ್ಟು ನೋಡಿ. ಬೆಂಗಳೂರಿನ ತಂಪಿನಲ್ಲಿ ಗಾಢ ಗುಲಾಬಿಯಾದದ್ದು ಶೆಕೆಯಲ್ಲಿ ತೊಳೆದಂತೆ ಮಂಕಾಗುವುದು ಬಹಳ ಸಾಮಾನ್ಯ. ಮೂರನೆಯದು ರೋಗ. ಔಷಧಿ ಹೊಡೆಯದ ಒಂದು ಸಾಲನ್ನು ಒಂದು ಋತು ಬಿಟ್ಟು ಎಲೆ ಚುಕ್ಕೆ, ಬಿಳಿ ತುಕ್ಕು, ಥ್ರಿಪ್ಸ್, ರಂಗೋಲಿ ಹುಳು ಯಾವುದಕ್ಕೆ ಎಷ್ಟು ಸೋಲುತ್ತದೆ ನೋಡಿ. ಬಿಳಿ ತುಕ್ಕಿನಲ್ಲಿ ಎಲೆಯ ಮೇಲೆ ತಿಳಿ ಹಳದಿ ಗುಳಿ, ಅಡಿಯಲ್ಲಿ ಬಿಳಿ ಗುಳ್ಳೆ. ಅಂಥ ಗಿಡ ಕಂಡರೆ ಚೀಲದಲ್ಲಿ ಮುಚ್ಚಿ ಸುಟ್ಟುಬಿಡಿ, ಅದನ್ನು ತಾಯಿಯಾಗಿ ಬಳಸಬೇಡಿ.

ನೋಂದಣಿ ಸಾಧ್ಯ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ದೆಹಲಿಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ತಳಿ ಹೊಸದಾಗಿರಬೇಕು, ಬೇರೆಯವುಗಳಿಂದ ಸ್ಪಷ್ಟವಾಗಿ ಭಿನ್ನವಾಗಿರಬೇಕು, ಎಲ್ಲ ಗಿಡ ಒಂದೇ ತೆರನಾಗಿರಬೇಕು, ಪೀಳಿಗೆಯಿಂದ ಪೀಳಿಗೆಗೆ ಬದಲಾಗಬಾರದು. ಸೇವಂತಿಗೆಗೆ ಹಕ್ಕು ಒಟ್ಟು 15 ವರ್ಷ. ಬೇರೆಯವರ ನೋಂದಾಯಿತ ತಳಿಯನ್ನು ಅಡ್ಡತಳಿಗೆ ಮೂಲವಾಗಿ ಬಳಸಲು ಕಾಯ್ದೆ ಬಿಡುತ್ತದೆ. ಆದರೆ ಆ ತಳಿಯ ಕೊಂಬೆಯಲ್ಲಿ ಬಂದ ಬಣ್ಣ ಬದಲಾವಣೆಯನ್ನು ಮಾರಲು ಅದರ ಹಕ್ಕುದಾರರ ಒಪ್ಪಿಗೆ ಬೇಕಾಗಬಹುದು, ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಅರ್ಜಿಗೆ ಮುಂಚೆ ಭಾರತದಲ್ಲಿ ಮಾರಾಟ ಶುರುವಾಗಿ ಒಂದು ವರ್ಷ ದಾಟಿದ್ದರೆ ತಳಿ ಹೊಸದು ಎನಿಸಿಕೊಳ್ಳುವುದಿಲ್ಲ. ಹಬ್ಬದ ಸೀಸನ್ನಿಗೆ ಮಾರಿ ನೋಡೋಣ ಎಂದು ಎರಡು ವರ್ಷ ಮಾರಿದವರು ಇಲ್ಲೇ ಹಕ್ಕು ಕಳೆದುಕೊಳ್ಳುತ್ತಾರೆ. ಮೊದಲ ಬಿಲ್ಲಿನ ತಾರೀಕನ್ನು ಜೋಪಾನ ಮಾಡಿ, ತಾಯಿ ಗಿಡಗಳನ್ನು ಒಂದಕ್ಕೊಂದು ದೂರದ ಎರಡು ಜಾಗದಲ್ಲಿ, ಕೀಟ ಬಾರದ ನೆಟ್ ಒಳಗೆ, ರಾತ್ರಿ ಬೆಳಕಿನಡಿ ಮೊಗ್ಗು ಕಟ್ಟದಂತೆ ಇಟ್ಟುಕೊಳ್ಳಿ.